ಡ್ರೈಯರ್ ಬಿಸಿಯಾಗುತ್ತಿಲ್ಲವೇ? ಥರ್ಮೋಕಂಪ್ರೆಸರ್ ಬಿಚ್ಚುವ ಮೊದಲು ನೋಡಬೇಕಾದ್ದು

ರೀಲಿನಲ್ಲಿ ಕಾಗದ ಒದ್ದೆ ಬರುತ್ತಿದೆ. ಸೆಟ್‌ಪಾಯಿಂಟ್ ಏರಿಸಿದರೂ ಡ್ರೈಯರ್ ಗ್ರೂಪಿನ, ಅಂದರೆ ಸ್ಟೀಮಿನಿಂದ ಕಾದು ಕಾಗದ ಒಣಗಿಸುವ ಸಿಲಿಂಡರುಗಳ ಸಾಲಿನ, ಒತ್ತಡ ಕದಲುತ್ತಿಲ್ಲ. ಡ್ರೈಯರಿಗೆ ಹೋಗುವ ಮತ್ತು ಅಲ್ಲಿಂದ ಹೊರಬರುವ ಸ್ಟೀಮಿನ ಒತ್ತಡಗಳ ವ್ಯತ್ಯಾಸ ತೋರಿಸುವ ಡಿಪಿ ಮುಳ್ಳು ಸೊನ್ನೆಯ ಹತ್ತಿರ ಒದ್ದಾಡುತ್ತಿದೆ. ಕಾಗದದ ಮಿಲ್ಲುಗಳಲ್ಲಿ ಇಂಥ ಹೊತ್ತಿಗೆ ಮೊದಲ ಬೈಗುಳ ಬೀಳುವುದು ಥರ್ಮೋಕಂಪ್ರೆಸರ್ ಮೇಲೆ, ಅಂದರೆ ಡ್ರೈಯರಿನಿಂದ ಹೊರಬಂದ ಕಡಿಮೆ ಒತ್ತಡದ ಸ್ಟೀಮನ್ನು ಹೆಚ್ಚು ಒತ್ತಡದ ಸ್ಟೀಮ್ ಜೆಟ್ಟಿನಿಂದ ಎಳೆದು ಮತ್ತೆ ಡ್ರೈಯರಿಗೆ ಕಳಿಸುವ ಯಂತ್ರದ ಮೇಲೆ. ಅದು ಕಿರುಚುವ ಯಂತ್ರ, ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ಬಿಚ್ಚಿ ನೋಡಿದರೆ ಬಹಳಷ್ಟು ಸಲ ನಾಜಲ್ ಚೆನ್ನಾಗಿಯೇ ಇರುತ್ತದೆ. ತಪ್ಪು ಇರುವುದು ಅದಕ್ಕೆ ಬರುವ ಸ್ಟೀಮಿನಲ್ಲಿ, ಅದು ಎಳೆಯಬೇಕಾದ ಹೊರೆಯಲ್ಲಿ, ಇಲ್ಲವೇ ಸುಳ್ಳು ಹೇಳುವ ಗೇಜಿನಲ್ಲಿ.

ಇಲ್ಲಿ ಹೇಳುತ್ತಿರುವುದು ಸ್ಪಿಂಡಲ್ ಇರುವ, ಅಂದರೆ ತೆರಪನ್ನು ಹೊಂದಿಸಬಲ್ಲ ಥರ್ಮೋಕಂಪ್ರೆಸರ್ ಬಗ್ಗೆ. ದಾಂಡೇಲಿ, ನಂಜನಗೂಡಿನಂಥ ಊರುಗಳ ಕಾಗದದ ಯಂತ್ರಗಳ ಡ್ರೈಯರ್ ಸೆಕ್ಷನ್‌ನಲ್ಲಿ ಕೆಲಸ ಮಾಡುವವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಸ್ಟೀಮ್ ಜೆಟ್ಟಿನಿಂದ ಇನ್ನೊಂದು ಹರಿವನ್ನು ಎಳೆದು ಒತ್ತುವ ಉಪಾಯ ಹಳೆಯದು. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರಿಗೆ ಫ್ರಾನ್ಸಿನ ಹೆನ್ರಿ ಜಿಫಾರ್ 1858ರಲ್ಲೇ ಪೇಟೆಂಟ್ ಪಡೆದಿದ್ದ. ನಮ್ಮ ಯಂತ್ರ ನೀರಿನ ಬದಲು ಕಡಿಮೆ ಒತ್ತಡದ ಸ್ಟೀಮನ್ನು ಎಳೆಯುತ್ತದೆ, ಅಷ್ಟೇ.

ಒತ್ತಡಗಳನ್ನು ಬಾರ್ ಲೆಕ್ಕದಲ್ಲಿ, ಬೇರೆ ಹೇಳದಿದ್ದರೆ ಗೇಜ್ ಒತ್ತಡವಾಗಿಯೇ ಕೊಟ್ಟಿದೆ. ಮಿಲ್ಲಿನಲ್ಲಿ "ಹತ್ತು ಕೇಜಿ ಸ್ಟೀಮ್" ಅನ್ನುವುದು, ಅಂದರೆ ಚದರ ಸೆಂಟಿಮೀಟರಿಗೆ ಹತ್ತು ಕಿಲೋ, 9.8 ಬಾರ್. ಸ್ಥೂಲ ಲೆಕ್ಕಕ್ಕೆ ಎರಡೂ ಒಂದೇ ಎಂದುಕೊಂಡರೆ ತೊಂದರೆಯಿಲ್ಲ. ಡಿಪಿ ಲೆಕ್ಕದಲ್ಲಿ ಮಾತ್ರ ಹಾಗೆ ಮಾಡಬೇಡಿ.

ಒಳಗೆ ನಡೆಯುವುದೇನು

ಹೆಚ್ಚು ಒತ್ತಡದ ಮೋಟಿವ್ ಸ್ಟೀಮ್ ನಾಜಲ್ಲಿನ ಹಿಂದಿನ ಕೋಣೆಯಾದ ಸ್ಟೀಮ್ ಚೆಸ್ಟಿಗೆ ಬಂದು ನಾಜಲ್ಲಿನಿಂದ ಚಿಮ್ಮುತ್ತದೆ. ಆ ಜೆಟ್ ಸಕ್ಷನ್ ಛೇಂಬರಿನಲ್ಲಿರುವ ಬ್ಲೋ-ಥ್ರೂ ಸ್ಟೀಮನ್ನು (ಡ್ರೈಯರಿನಿಂದ ಕಂಡೆನ್ಸೇಟ್ ಎಂಬ ತಣಿದ ನೀರಿನ ಜೊತೆ ಹೊರಬರುವ ಸ್ಟೀಮ್) ಕೊಂಡೊಯ್ದು ಡಿಫ್ಯೂಸರ್ ಎಂಬ ಅಗಲವಾಗುತ್ತ ಹೋಗುವ ಕೊಳವೆಗೆ ನುಗ್ಗುತ್ತದೆ. ಅಲ್ಲಿ ವೇಗ ಮತ್ತೆ ಒತ್ತಡವಾಗುತ್ತದೆ. ನಾಜಲ್ಲಿನ ಗಂಟಲಿನೊಳಗೆ ಚೂಪು ಮೊನೆಯ ಸ್ಪಿಂಡಲ್ ಹಿಂದೆ ಮುಂದೆ ಸರಿಯುತ್ತ ತೆರಪನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಮೋಟಿವ್ 10 ಬಾರ್, ನೀರನ್ನೂ ಸ್ಟೀಮನ್ನೂ ಬೇರ್ಪಡಿಸುವ ಸೆಪರೇಟರಿನಿಂದ ಬರುವ ಸಕ್ಷನ್ 2.0 ಬಾರ್, ಡ್ರೈಯರ್ ಹೆಡರಿಗೆ ಹೋಗುವ ಡಿಸ್‌ಚಾರ್ಜ್ 2.4 ಬಾರ್. ಕೊನೆಯ ಎರಡರ ವ್ಯತ್ಯಾಸವಾದ 0.4 ಬಾರೇ ಡಿಪಿ. ಮುಂದೆಲ್ಲ ಇದೇ ಲೆಕ್ಕ.

ಈ ಸ್ಥಿತಿಯಲ್ಲಿ ಜೆಟ್ಟಿನ ಸೈದ್ಧಾಂತಿಕ ವೇಗ ಸೆಕೆಂಡಿಗೆ ಸುಮಾರು 680 ಮೀಟರ್. ಸ್ಪಿಂಡಲ್ ಬದಲು ಮೋಟಿವ್ ಲೈನಿನಲ್ಲಿ ಒಂದು ವಾಲ್ವ್ ಇಟ್ಟು 10 ಬಾರನ್ನು 6ಕ್ಕೆ ಹಿಸುಕಿದರೆ ಅದೇ ವೇಗ ಸುಮಾರು 550ಕ್ಕೆ ಇಳಿಯುತ್ತದೆ. ಪ್ರತಿ ಕಿಲೋ ಸ್ಟೀಮಿನ ಎಳೆಯುವ ಕಸುವಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಆ ವಾಲ್ವಿನಲ್ಲೇ ಸತ್ತಿತು. ಸ್ಪಿಂಡಲ್ ಪ್ರಮಾಣವನ್ನು ಕಡಿಮೆ ಮಾಡುತ್ತದೆ, ಒತ್ತಡವನ್ನು ಹಾಗೇ ಬಿಡುತ್ತದೆ. ಸ್ಪಿಂಡಲ್ ಮಾದರಿಗೆ ಹೆಚ್ಚು ದುಡ್ಡು ಕೊಡುವುದೇ ಇದಕ್ಕಾಗಿ. ಆದ್ದರಿಂದ ಮೋಟಿವ್ ಲೈನಿನ ಐಸೊಲೇಶನ್ ವಾಲ್ವನ್ನು ಅರ್ಧ ತೆರೆದು "ಅಡ್ಜಸ್ಟ್" ಮಾಡಿರುವುದು ಕಂಡರೆ ಮೊದಲು ಅದನ್ನು ಪೂರ್ತಿ ತೆರೆಯಿಸಿ. ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಇನ್ನೊಂದು ವಿಷಯ ತಿಳಿದಿರಬೇಕು. ಸಕ್ಷನ್ನಿನ ಪರಮ ಒತ್ತಡ (ಗೇಜ್ ಒತ್ತಡಕ್ಕೆ ವಾತಾವರಣದ ಸುಮಾರು 1 ಬಾರ್ ಸೇರಿಸಿದ್ದು) ಮೋಟಿವ್ ಪರಮ ಒತ್ತಡದ ಶೇ. 57ಕ್ಕಿಂತ ಕೆಳಗಿದ್ದರೆ ನಾಜಲ್ ಚೋಕ್ ಆಗಿರುತ್ತದೆ. ನಮ್ಮ ಉದಾಹರಣೆಯಲ್ಲಿ 11ಕ್ಕೆ 3, ಅಂದರೆ ಶೇ. 27. ಚೋಕ್ ಆದ ನಾಜಲ್ಲಿನ ಹರಿವನ್ನು ತೀರ್ಮಾನಿಸುವವು ಎರಡೇ: ಮೇಲಿನ ಒತ್ತಡ ಮತ್ತು ಗಂಟಲಿನ ತೆರಪು. ಕೆಳಗಡೆ ಏನಾದರೂ ಆಗಲಿ, ಹರಿವು ಬದಲಾಗದು. ಸ್ಯಾಚುರೇಟೆಡ್ (ಆ ಒತ್ತಡದ ಕುದಿಬಿಂದುವಿನಲ್ಲೇ ಇರುವ) ಸ್ಟೀಮಿಗೆ ಗಂಟೆಗೆ ಎಷ್ಟು ಕಿಲೋ ಎಂಬುದಕ್ಕೆ ಸುಲಭ ಸೂತ್ರ: 0.525 × ತೆರಪು ಚದರ ಮಿಲಿಮೀಟರಿನಲ್ಲಿ × ಪರಮ ಒತ್ತಡ ಬಾರಿನಲ್ಲಿ. 20 ಮಿಮೀ ಗಂಟಲು ಪೂರ್ತಿ ಬಿಚ್ಚಿದ್ದರೆ 314 ಚದರ ಮಿಮೀ. 11 ಬಾರಿಗೆ ಗಂಟೆಗೆ ಸುಮಾರು 1,800 ಕಿಲೋ. ಮೋಟಿವ್ 8 ಬಾರಿಗೆ ಬಿದ್ದರೆ ಸುಮಾರು 1,480. ಈ ಸೂತ್ರ ಕಿಸೆಯಲ್ಲಿದ್ದರೆ ಸ್ಟೀಮ್ ಫ್ಲೋಮೀಟರ್ ಹೇಳುವುದು ನಿಜವೋ ಸುಳ್ಳೋ ಎಂದು ನಿಂತಲ್ಲೇ ಗೊತ್ತಾಗುತ್ತದೆ.

ಸ್ಪ್ಯಾನರ್ ಮುಟ್ಟುವ ಮೊದಲು ನಾಲ್ಕು ಅಂಕಿ

ಯಂತ್ರ ಓಡುತ್ತಿರುವಾಗಲೇ ಒಂದೇ ಐದು ನಿಮಿಷದೊಳಗೆ ಈ ನಾಲ್ಕನ್ನೂ ಬರೆದುಕೊಳ್ಳಿ.

1. ಸ್ಟೀಮ್ ಚೆಸ್ಟ್ ಬಳಿ ಮೋಟಿವ್ ಒತ್ತಡ. ಬಾಯ್ಲರ್ ಹೌಸಿನ ಹೆಡರ್ ಒತ್ತಡ ಇಲ್ಲಿ ಲೆಕ್ಕಕ್ಕಿಲ್ಲ. ನಡುವೆ ಸ್ಟ್ರೈನರ್, ವಾಲ್ವ್, ನೂರು ಮೀಟರ್ ಪೈಪು ಇರುತ್ತದೆ.
2. ಸಕ್ಷನ್ ಛೇಂಬರಿನ ಒತ್ತಡ.
3. ಡಿಫ್ಯೂಸರ್ ಆದ ಮೇಲಿನ ಡಿಸ್‌ಚಾರ್ಜ್ ಒತ್ತಡ.
4. ಸ್ಪಿಂಡಲ್ ಎಷ್ಟು ತೆರೆದಿದೆ ಎಂಬುದು, ಅದನ್ನು ಸರಿಸುವ ಆಕ್ಚುಯೇಟರಿನ ಸ್ಟೆಮ್ ಪಕ್ಕದ ಸ್ಕೇಲಿನ ಮೇಲೆ ಕಣ್ಣಾರೆ ನೋಡಿದ್ದು. ಕಂಟ್ರೋಲ್ ರೂಮಿನ ಪರದೆ ತೋರಿಸುವುದು ಕಳಿಸಿದ ಸಿಗ್ನಲ್. ಅದು ತಲುಪಿತೇ, ಸ್ಪಿಂಡಲ್ ಸರಿಯಿತೇ ಎಂದು ಪರದೆಗೆ ಗೊತ್ತಿಲ್ಲ.

ಇದರ ಜೊತೆ ಅದೇ ಗ್ರೇಡ್, ಅದೇ ವೇಗದಲ್ಲಿ ಹಿಂದೆ ಸ್ಪಿಂಡಲ್ ಎಲ್ಲಿತ್ತು ಎಂದು ಲಾಗ್‌ಬುಕ್ಕಿನಲ್ಲಿ ಹುಡುಕಿ. ಆರು ತಿಂಗಳ ಹಿಂದೆ ಶೇ. 45ರಲ್ಲಿದ್ದದ್ದು ಈಗ 70ಕ್ಕೆ ಬಂದಿದ್ದರೆ ಮೋಟಿವ್ ಒತ್ತಡ ಬಿದ್ದಿದೆ, ಹೊರೆ ಏರಿದೆ, ನಾಜಲ್ ಕಟ್ಟಿಕೊಂಡಿದೆ ಅಥವಾ ಡಿಫ್ಯೂಸರ್ ಕೆಟ್ಟಿದೆ. ಅದೇ 45 ಈಗ 30ಕ್ಕೆ ಇಳಿದಿದ್ದು ಉತ್ಪಾದನೆ ಅಷ್ಟೇ ಇದ್ದರೆ ನಾಜಲ್ ಸವೆದು ಅಗಲವಾಗಿದೆ. ಎರಡೂ ಕಾಯಿಲೆಗೆ ಮದ್ದು ಬೇರೆ ಬೇರೆ. ಲಾಗ್‌ಬುಕ್ ಇಲ್ಲದಿದ್ದರೆ ಇಂದಿನಿಂದಲೇ ಶುರು ಮಾಡಿ, ಬೇರೆ ದಾರಿಯಿಲ್ಲ.

ಗೇಜ್ ನಂಬುವ ಮೊದಲು ಅದು ಎಲ್ಲಿ ಕೂತಿದೆ ನೋಡಿ. ಟ್ಯಾಪಿಂಗಿನಿಂದ, ಅಂದರೆ ಒತ್ತಡ ತೆಗೆದುಕೊಳ್ಳುವ ತೂತಿನಿಂದ, ಒಂದು ಮೀಟರ್ ಕೆಳಗೆ ಗೇಜ್ ಇದ್ದರೆ ನಡುವಿನ ಪೈಪಿನಲ್ಲಿ ನಿಂತ ನೀರು ಸುಮಾರು 0.1 ಬಾರ್ ಹೆಚ್ಚು ತೋರಿಸುತ್ತದೆ. 10 ಬಾರಿನ ಗೇಜಿಗೆ ಅದು ಏನೂ ಅಲ್ಲ. 0.4 ಬಾರ್ ಡಿಪಿಗೆ ಅದು ಕಾಲು ಭಾಗ. ಡಿಪಿ ಟ್ರಾನ್ಸ್‌ಮಿಟರಿನ ಎರಡೂ ಕಾಲುಗಳಲ್ಲಿ (ಒತ್ತಡ ತರುವ ಇಂಪಲ್ಸ್ ಪೈಪುಗಳಲ್ಲಿ) ನೀರು ಒಂದೇ ಎತ್ತರಕ್ಕೆ ನಿಂತಿರಬೇಕು. ಒಂದು ಕಾಲಿನ ಡ್ರೈನ್ ಕಾಕ್ ಸಣ್ಣಗೆ ಸೋರುತ್ತಿದ್ದರೂ ಆ ಬದಿ ಖಾಲಿಯಾಗಿ ಅಂಕಿ ಜಾರುತ್ತದೆ. ಪರೀಕ್ಷೆ ಸುಲಭ: ಮ್ಯಾನಿಫೋಲ್ಡಿನ ಎರಡು ಬ್ಲಾಕ್ ವಾಲ್ವ್ ಮುಚ್ಚಿ, ಎರಡೂ ಬದಿಯನ್ನು ಕೂಡಿಸುವ ಈಕ್ವಲೈಜರ್ ವಾಲ್ವ್ ತೆರೆಯಿರಿ. ಸೊನ್ನೆ ಬರದಿದ್ದರೆ ಟ್ರಾನ್ಸ್‌ಮಿಟರ್ ತಪ್ಪು. ಸೊನ್ನೆ ಬಂದೂ ಓಡುವಾಗ ಅಂಕಿ ವಿಚಿತ್ರವಾಗಿದ್ದರೆ ಇಂಪಲ್ಸ್ ಪೈಪಿನ ನೀರನ್ನು ಅನುಮಾನಿಸಿ. ಈ ಲೂಪ್ ಮೇಲೆ ಕಂಟ್ರೋಲರ್ ಓಡುತ್ತಿದ್ದರೆ ಅದನ್ನು ಮ್ಯಾನುವಲ್‌ಗೆ ಹಾಕಿಯೇ ಈ ಕೆಲಸಕ್ಕೆ ಕೈಹಾಕಿ.

ಸ್ಪಿಂಡಲ್ ಪೂರ್ತಿ ತೆರೆದರೂ ಒತ್ತಡ ಏರುತ್ತಿಲ್ಲ

ಮೊದಲು ಅಂಕಿ 1. ಚೆಸ್ಟಿನಲ್ಲಿ ಒತ್ತಡ ಕಡಿಮೆ, ಸ್ಟ್ರೈನರಿಗೆ ಮುಂಚೆ ಸರಿಯಿದೆ ಎಂದಾದರೆ ಜಾಲರಿ ಕಟ್ಟಿಕೊಂಡಿದೆ. ಎರಡೂ ಬದಿಯ ವ್ಯತ್ಯಾಸ ಅರ್ಧ ಬಾರ್ ದಾಟಿದರೆ ತೆಗೆದು ನೋಡುವುದು ಒಳ್ಳೆಯದು. ಹೊಸ ಪೈಪು ವೆಲ್ಡ್ ಮಾಡಿದ ಮೊದಲ ವಾರಗಳಲ್ಲಿ ಸ್ಲ್ಯಾಗ್, ತುಕ್ಕಿನ ಹಕ್ಕಳೆ ಬಂದು ಕೂರುವುದು ಖಂಡಿತ. ಜಾಲರಿಯೇ ಹರಿದಿದ್ದರೆ ಇನ್ನೂ ಕೆಟ್ಟದ್ದು. ವ್ಯತ್ಯಾಸ ಕಡಿಮೆಯೇ ಇದ್ದು ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಕಸವೆಲ್ಲ ನಾಜಲ್ಲಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಚೆಸ್ಟಿನಲ್ಲಿ ಒತ್ತಡ ಸರಿಯಿದೆಯೇ? ಹಾಗಾದರೆ ಸಕ್ಷನ್ ನೋಡಿ. ಸಕ್ಷನ್ ಒತ್ತಡ ಎಂದಿಗಿಂತ ಹೆಚ್ಚಿದ್ದು ಡಿಪಿ ಕಡಿಮೆಯಿದ್ದರೆ ಜೆಟ್ಟಿಗೆ ಅದು ಹೊರಲಾಗದಷ್ಟು ಬ್ಲೋ-ಥ್ರೂ ಬರುತ್ತಿದೆ. ಯಾವುದೋ ಸಿಲಿಂಡರ್ ಸ್ಟೀಮನ್ನು ನೇರ ಸೆಪರೇಟರಿಗೆ ಬಿಡುತ್ತಿದೆ ಎಂದರ್ಥ. ಸಿಲಿಂಡರಿನ ಕಂಡೆನ್ಸೇಟನ್ನು ಹೊರಗೆ ತರುವ ಸೈಫನ್ ಪೈಪು ಮುರಿದಿರಬಹುದು, ಅದರ ತುದಿಯ ಸೈಫನ್ ಶೂ ಕಳಚಿರಬಹುದು, ತಿರುಗುವ ಸಿಲಿಂಡರಿಗೂ ನಿಂತ ಪೈಪಿಗೂ ನಡುವಿನ ರೋಟರಿ ಜಾಯಿಂಟಿನ ಒಳಗಿನ ಸೀಲ್ ಹೋಗಿರಬಹುದು. ಮುರಿದ ಸೈಫನ್ ನೀರನ್ನು ಮುಟ್ಟುವುದೇ ಇಲ್ಲ. ಅದರಿಂದ ಆ ಸಿಲಿಂಡರಿನೊಳಗೆ ಕಂಡೆನ್ಸೇಟ್ ತುಂಬಿ ಮೈ ತಣ್ಣಗಿರುತ್ತದೆ, ಹೊರಗೆ ಹೋಗುವ ಪೈಪಿನಲ್ಲಿ ಮಾತ್ರ ಸ್ಟೀಮ್ ಭರ್ಜರಿ ಓಡುತ್ತಿರುತ್ತದೆ. ಸೈಟ್ ಗ್ಲಾಸ್ ಇದ್ದರೆ ಅದು ಕಣ್ಣಿಗೇ ಕಾಣುತ್ತದೆ.

ಅಪರಾಧಿಯನ್ನು ಹಿಡಿಯಲು ಒಂದೊಂದೇ ಸಿಲಿಂಡರಿನ ಕಂಡೆನ್ಸೇಟ್ ಹೊರದಾರಿಯ ವಾಲ್ವನ್ನು ಒಂದು ನಿಮಿಷ ಮುಚ್ಚಿ ಡಿಪಿ ನೋಡಿ, ಮತ್ತೆ ತೆರೆಯಿರಿ. ಹತ್ತರಲ್ಲಿ ಒಂಬತ್ತಕ್ಕೆ ಮುಳ್ಳು ಅಲುಗುವುದಿಲ್ಲ. ಯಾವುದನ್ನು ಮುಚ್ಚಿದಾಗ ಡಿಪಿ ಟಕ್ಕನೆ ಎದ್ದು ಕೂರುತ್ತದೋ ಅದೇ ಸಿಲಿಂಡರ್. ಮೈ ಬಿಸಿ ನೋಡುವುದಾದರೆ ಹೊಳೆಯುವ ಎರಕದ ಮೇಲೆ ಇನ್‌ಫ್ರಾರೆಡ್ ಗನ್ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಒತ್ತಿ ಹಿಡಿಯುವ ಕಾಂಟ್ಯಾಕ್ಟ್ ಪೈರೊಮೀಟರ್ ಬಳಸಿ, ಅಕ್ಕಪಕ್ಕದ ಸಿಲಿಂಡರಿನೊಂದಿಗೆ ಹೋಲಿಸಿ. ತಿರುಗುವ ಸಿಲಿಂಡರಿನ ನಿಪ್ (ಒಳಕ್ಕೆ ಎಳೆದುಕೊಳ್ಳುವ) ಬದಿಯಿಂದ ಕೈ ಚಾಚಬೇಡಿ.

ಯಾವ ಸಿಲಿಂಡರೂ ಸಿಕ್ಕಲಿಲ್ಲ, ಎಲ್ಲ ಒಟ್ಟಿಗೆ ತುಂಬುತ್ತಿವೆ ಎಂದರೆ ಯಂತ್ರದ ವೇಗ ಇತ್ತೀಚೆಗೆ ಏರಿತೇ ಕೇಳಿ. ಸಿಲಿಂಡರಿನೊಂದಿಗೇ ತಿರುಗುವ ರೋಟರಿ ಸೈಫನ್ನಿನಲ್ಲಿ ನೀರು ಅಂಚಿನಿಂದ ನಡುವಿಗೆ ಬರಬೇಕು, ಕೇಂದ್ರಾಪಗಾಮಿ ಬಲದ ಎದುರು ಏರಬೇಕು. ಆ ಎದುರೊತ್ತಡ ವೇಗದ ವರ್ಗದಂತೆ ಹೆಚ್ಚುತ್ತದೆ. ಪೈಪಿನಲ್ಲಿ ಬರೀ ನೀರೇ ಇದೆ ಎಂದುಕೊಂಡರೆ ನಿಮಿಷಕ್ಕೆ 500 ಮೀಟರಿಗೆ ಸುಮಾರು 0.32 ಬಾರ್, 600ಕ್ಕೆ 0.46 ಬಾರ್. ಬ್ಲೋ-ಥ್ರೂ ಸ್ಟೀಮ್ ಬೆರೆತು ನೀರಿನ ಕಂಬ ಹಗುರಾಗುವುದರಿಂದಲೇ 0.4 ಬಾರಿನಲ್ಲಿ ನಮ್ಮ ಕೆಲಸ ನಡೆಯುತ್ತಿದೆ. ವೇಗ ಏರಿಸಿ ಹಳೆಯ ಡಿಪಿ ಸೆಟ್‌ಪಾಯಿಂಟನ್ನೇ ಇಟ್ಟುಕೊಂಡರೆ ಸಿಲಿಂಡರ್ ತುಂಬದೆ ಇನ್ನೇನು? ಇಲ್ಲಿ ಥರ್ಮೋಕಂಪ್ರೆಸರ್ ಬಿಚ್ಚಿ ಪ್ರಯೋಜನವಿಲ್ಲ. ಸ್ಥಿರ ಸೈಫನ್ನಿಗೆ ಈ ಕಾಟ ಕಡಿಮೆ.

ಸಿಲಿಂಡರ್ ತುಂಬಿದ್ದಕ್ಕೆ ಇನ್ನೊಂದು ಸಾಕ್ಷಿ ಡ್ರೈವ್ ಮೋಟರಿನ ಆಂಪಿಯರ್. 1.5 ಮೀಟರ್ ವ್ಯಾಸ, 3 ಮೀಟರ್ ಅಗಲದ ಸಿಲಿಂಡರಿನಲ್ಲಿ 10 ಮಿಮೀ ದಪ್ಪದ ನೀರಿನ ಪದರ ಎಂದರೆ 130 ಕಿಲೋ. ಆ ನೀರು ಸುತ್ತುತ್ತ ಜಲಪಾತದಂತೆ ಬೀಳತೊಡಗಿದರೆ ಆಂಪಿಯರ್ ಏರುವುದಷ್ಟೇ ಅಲ್ಲ, ಜಗ್ಗಾಡುತ್ತದೆ ಕೂಡ.

ಮೋಟಿವ್ ಸರಿ, ಸಕ್ಷನ್ ಹೊರೆಯೂ ಸರಿ, ಆದರೂ ಡಿಸ್‌ಚಾರ್ಜ್ ಏರುತ್ತಿಲ್ಲವೆಂದರೆ ಜೆಟ್ಟನ್ನೇ ಪರೀಕ್ಷಿಸುವ ಸಮಯ ಬಂತು. ಕಾಗದ ಇಲ್ಲದಾಗ, ಯಂತ್ರ ನಿಧಾನ ತಿರುಗುತ್ತಿರುವಾಗ, ಸಕ್ಷನ್ ಲೈನಿನ ವಾಲ್ವ್ ಮುಚ್ಚಿ ಸ್ಪಿಂಡಲನ್ನು ಅರ್ಧಕ್ಕೆ ತೆರೆಯಿರಿ. ಒತ್ತಡ ನೋಡುವ ಗೇಜ್, ಮುಚ್ಚಿದ ಆ ವಾಲ್ವಿಗೂ ಸಕ್ಷನ್ ಛೇಂಬರಿಗೂ ನಡುವೆ ಇರಬೇಕು. ಸೊನ್ನೆಗಿಂತ ಕೆಳಗೆ ಇಳಿಯಬಹುದಾದ್ದರಿಂದ ಕಾಂಪೌಂಡ್ ಗೇಜ್ ಹಾಕಿ. ಆರೋಗ್ಯವಾದ ಜೆಟ್ ಸಕ್ಷನ್ನನ್ನು ಡಿಸ್‌ಚಾರ್ಜಿಗಿಂತ ಬಹಳ ಕೆಳಗೆ ಎಳೆಯುತ್ತದೆ. ಥರ್ಮೋಕಂಪ್ರೆಸರ್ ಹೊಸದಾಗಿದ್ದಾಗ ಎಷ್ಟು ಎಳೆಯುತ್ತಿತ್ತೋ ಅದೇ ಅಳತೆಗೋಲು. ಮುಳ್ಳು ಡಿಸ್‌ಚಾರ್ಜ್ ಒತ್ತಡದ ಬಳಿಯೇ ನಿಂತರೆ ನಾಜಲ್ ಸಡಿಲವಾಗಿದೆ, ಸ್ಪಿಂಡಲ್ ಓರೆಯಾಗಿದೆ ಅಥವಾ ಡಿಫ್ಯೂಸರ್ ತಿಂದುಹೋಗಿದೆ. ಎರಡು ನಿಮಿಷಕ್ಕಿಂತ ಹೆಚ್ಚು ಈ ಪರೀಕ್ಷೆ ಬೇಡ, ಅಷ್ಟರಲ್ಲಿ ಸಿಲಿಂಡರುಗಳು ನೀರು ಹಿಡಿಯತೊಡಗುತ್ತವೆ.

ಡಿಪಿ ಸೊನ್ನೆ, ಸ್ಟೀಮ್ ಹಿಂದಕ್ಕೆ ನುಗ್ಗುತ್ತಿದೆ

ಇದು ಹೆಚ್ಚಾಗಿ ಕಾಗದ ಹರಿದ ಮೇಲೆ ಬರುವ ಕಾಯಿಲೆ. ಹಾಳೆ ಹೋದೊಡನೆ ಸ್ಟೀಮ್ ತಣಿದು ನೀರಾಗುವುದು ಬಹಳ ಕಡಿಮೆಯಾಗುತ್ತದೆ. ಡ್ರೈಯರ್ ಒತ್ತಡ ಏರಲು ನೋಡುತ್ತದೆ, ಕಂಟ್ರೋಲರ್ ಸ್ಪಿಂಡಲನ್ನು ಮುಚ್ಚುತ್ತದೆ. ಎಳೆಯುವ ಜೆಟ್ ಎಳೆಯಂತೆ ಸಣ್ಣದಾಗುತ್ತದೆ. ಸಣ್ಣ ಜೆಟ್ ಡಿಫ್ಯೂಸರಿನ ಗಂಟಲನ್ನು ತುಂಬಲಾರದು. ಗೋಡೆಯ ಬದಿಯಿಂದ ಡಿಸ್‌ಚಾರ್ಜ್ ಸ್ಟೀಮ್ ಸಕ್ಷನ್ನಿಗೆ ಮರಳುತ್ತದೆ. ಸೆಪರೇಟರ್ ಒತ್ತಡ ಏರಿ ಡಿಸ್‌ಚಾರ್ಜಿಗೆ ಸಮನಾಗುತ್ತದೆ, ಡಿಪಿ ಸತ್ತಂತೆ. ಹತ್ತು ನಿಮಿಷ ಬಿಟ್ಟು ಹಾಳೆ ಮತ್ತೆ ಹತ್ತಿಸಿದಾಗ ಸಿಲಿಂಡರಿನಲ್ಲೆಲ್ಲ ನೀರು, ಹಾಳೆ ಒದ್ದೆಯಾಗಿ ಮತ್ತೆ ಹರಿಯುತ್ತದೆ. ಆಪರೇಟರ್ ಡ್ರೈಯರಿಗೆ ಇನ್ನಷ್ಟು ಒತ್ತಡ ಕೇಳುತ್ತಾನೆ, ಅದು ಬೆಂಕಿಗೆ ತುಪ್ಪ.

ಮದ್ದು ಥರ್ಮೋಕಂಪ್ರೆಸರಿನ ಹೊರಗಿದೆ. ಒಂದು, ಡಿಪಿ ಬಿದ್ದಾಗ ಸೆಪರೇಟರಿನಿಂದ ಕಂಡೆನ್ಸರಿಗೆ ಹೋಗುವ ವೆಂಟ್ ವಾಲ್ವ್ ತಾನಾಗಿ ತೆರೆಯಬೇಕು. ಆ ವಾಲ್ವನ್ನು ನಡೆಸುವ ಗಾಳಿ ಬಂದ್ ಮಾಡಿ ಯಾರೋ "ಸ್ಟೀಮ್ ಉಳಿತಾಯ" ಮಾಡಿದ್ದಾರೆಯೇ ನೋಡಿ. ಎರಡು, ಕಾಗದ ಹರಿದಿದೆ ಎಂದು ಹೇಳುವ ಬ್ರೇಕ್ ಸಿಗ್ನಲ್ ಬಂದೊಡನೆ ಡ್ರೈಯರ್ ಒತ್ತಡದ ಸೆಟ್‌ಪಾಯಿಂಟ್ ಇಳಿಯಬೇಕು. ಮೂರು, ಸ್ಪಿಂಡಲಿಗೆ ಕನಿಷ್ಠ ತೆರಪಿನ ಮಿತಿ ಇರಬೇಕು. ಯಾವ ಶೇಕಡಾದ ಕೆಳಗೆ ಹಿಂದೋಟ ಶುರುವಾಗುತ್ತದೆ ಎಂದು ನಿಮ್ಮ ಯಂತ್ರದಲ್ಲೇ ನಿಧಾನ ಮುಚ್ಚುತ್ತ ಕಂಡುಕೊಂಡು, ಅದಕ್ಕಿಂತ ಸ್ವಲ್ಪ ಮೇಲೆ ಮಿತಿ ಹಾಕಿ.

ಕಾಗದ ಓಡುತ್ತಿರುವಾಗಲೇ ಹಿಂದೋಟ ಇದ್ದರೆ ನಾಜಲ್ ಥ್ರೆಡ್ ಅಥವಾ ಅದರ ಸೀಟಿನ ಗ್ಯಾಸ್ಕೆಟ್ ಅನುಮಾನಿಸಿ. ಮೋಟಿವ್ ಸ್ಟೀಮ್ ನಾಜಲ್ ತಪ್ಪಿಸಿ ಪಕ್ಕದಿಂದ ಸಕ್ಷನ್ ಛೇಂಬರಿಗೆ ಸೋರುತ್ತಿರುತ್ತದೆ. ಸಕ್ಷನ್ ಪೈಪು ಸೆಪರೇಟರಿಗಿಂತ ಬಿಸಿಯಿದ್ದರೆ ಇದು ಬಹುಪಾಲು ಖಚಿತ: 2.0 ಬಾರಿನ ಸ್ಟೀಮ್ 134 ಡಿಗ್ರಿ ಇರಬೇಕು, ಛೇಂಬರ್ ಹತ್ತಿರದ ಪೈಪು ಅದನ್ನು ಮೀರಿದರೆ ಮೇಲಿನ ಸ್ಟೀಮ್ ಬಂದಿದೆ. ಸಕ್ಷನ್ ಲೈನಿನ ಚೆಕ್ ವಾಲ್ವ್ ಟಕಟಕ ಬಡಿಯುತ್ತಿದ್ದರೂ ಅದೇ ಕತೆ.

ಸ್ಪಿಂಡಲ್ ಮುಚ್ಚಿದರೂ ಸ್ಟೀಮ್ ನಿಲ್ಲುತ್ತಿಲ್ಲ

ಸ್ಪಿಂಡಲ್ ಶಟ್-ಆಫ್ ವಾಲ್ವ್ ಅಲ್ಲ. ಮುಚ್ಚಿದಾಗ ಒಂದಿಷ್ಟು ಪಾಸ್ ಆಗುವುದು ಸಹಜ. ಅದಕ್ಕೇ ಮೇಲೊಂದು ಐಸೊಲೇಶನ್ ವಾಲ್ವ್ ಇರುವುದು. ಆದರೆ ಪಾಸ್ ಆಗುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಮೊನೆಯಲ್ಲಿ ಗೀರು ಬಿದ್ದಿದೆ. ಹಸಿ ಸ್ಟೀಮ್ ಸಣ್ಣ ತೆರಪಿನಲ್ಲಿ ಹಾಯುವಾಗ ಲೋಹವನ್ನು ತಂತಿ ಎಳೆದಂತೆ ಕೊರೆಯುತ್ತದೆ. ಸದಾ ಶೇ. 10ರೊಳಗಿನ ತೆರಪಿನಲ್ಲಿ ಓಡುವ ಥರ್ಮೋಕಂಪ್ರೆಸರಿನಲ್ಲಿ ಇದು ಬೇಗ. ಹಾಗಿದ್ದರೆ ಅದು ನಿಮ್ಮ ಹೊರೆಗೆ ದೊಡ್ಡದಾಯಿತು.

ಬಿಚ್ಚುವ ಮೊದಲು ಆಕ್ಚುಯೇಟರ್ ನೋಡಿ. ಗಾಳಿ ತೆಗೆದಾಗ ಸ್ಪ್ರಿಂಗ್ ಸ್ಪಿಂಡಲನ್ನು ಪೂರ್ತಿ ಕೂರಿಸಬೇಕು. ಬೆಂಚ್ ಸೆಟ್, ಅಂದರೆ ಸ್ಪ್ರಿಂಗಿನ ಹೊಂದಿಕೆ, ತಪ್ಪಿದ್ದರೆ ಸ್ಕೇಲು ಸೊನ್ನೆ ತೋರಿಸಿಯೂ ಎರಡು ಮಿಮೀ ತೆರೆದೇ ಇರುತ್ತದೆ.

ತೂಗಾಟ

ಒತ್ತಡ ಏಳುತ್ತದೆ, ಬೀಳುತ್ತದೆ, ಒಂದು ತಾಳದಲ್ಲಿ. ಕಂಟ್ರೋಲರನ್ನು ಮ್ಯಾನುವಲ್‌ಗೆ ಹಾಕಿ ಐದು ನಿಮಿಷ ಕಾಯಿರಿ. ತೂಗಾಟ ನಿಂತರೆ ಲೂಪ್ ಅಥವಾ ವಾಲ್ವ್, ನಿಲ್ಲದಿದ್ದರೆ ಮೇಲಿನ ಸ್ಟೀಮೋ ಸೆಪರೇಟರ್ ಲೆವೆಲ್ಲೋ ತೂಗುತ್ತಿದೆ.

ಮ್ಯಾನುವಲ್‌ನಲ್ಲೇ ಸಿಗ್ನಲನ್ನು 4, 8, 12, 16, 20 ಮಿಲಿಆಂಪಿಯರಿಗೆ ಕೊಟ್ಟು ಸ್ಟೆಮ್ ಸ್ಕೇಲ್ ಓದಿ: 0, 25, 50, 75, 100 ಬರಬೇಕು (ಸ್ಪ್ಲಿಟ್ ರೇಂಜ್ ಇದ್ದಲ್ಲಿ ಲೆಕ್ಕ ಬೇರೆ, ಅದು ಕೆಳಗಿದೆ). ಏರುವಾಗ ಒಂದು, ಇಳಿಯುವಾಗ ಒಂದು ಅಂಕಿ ಬಂದರೆ ಸ್ಟೀಮ್ ಸೋರದಂತೆ ಸ್ಪಿಂಡಲ್ ಸುತ್ತ ತುಂಬಿದ ಪ್ಯಾಕಿಂಗ್ ಹಿಡಿಯುತ್ತಿದೆ ಅಥವಾ ಪೊಸಿಷನರಿನ ಲಿಂಕ್ ಸಡಿಲ. ಆಮೇಲೆ ಅರ್ಧದಲ್ಲಿ ನಿಲ್ಲಿಸಿ ಶೇ. 1ರಷ್ಟು ಏರಿಸುತ್ತ ಹೋಗಿ. ಮೂರು, ನಾಲ್ಕು ಸಲ ಸುಮ್ಮನಿದ್ದು ಒಮ್ಮೆಲೇ ಜಿಗಿದರೆ ತೂಗಾಟಕ್ಕೆ ಕಾರಣ ಸಿಕ್ಕಿತು. ಪ್ಯಾಕಿಂಗನ್ನು ಒತ್ತಿಡುವ ಗ್ಲ್ಯಾಂಡ್ ಸೋರಿತೆಂದು ಯಾರೋ ಒಂದೇ ಸಮನೆ ಬಿಗಿದಿರುತ್ತಾರೆ. ಟ್ಯೂನಿಂಗ್ ಮುಟ್ಟಬೇಡಿ, ಪ್ಯಾಕಿಂಗ್ ಬದಲಿಸಿ: ಗ್ರಾಫೈಟ್ ಪ್ಯಾಕಿಂಗ್, ತುದಿಗಳನ್ನು 45 ಡಿಗ್ರಿ ಓರೆಗೆ ಕತ್ತರಿಸಿ, ಒಂದೊಂದು ಸುತ್ತಿನ ಜೋಡಣೆಯನ್ನೂ 90 ಡಿಗ್ರಿ ಬೇರೆ ಮಾಡಿ ಕೂರಿಸಿ, ನಟ್ಟುಗಳನ್ನು ಎರಡೂ ಬದಿ ಸಮನಾಗಿ ಒಂದೊಂದು ಮುಖದಷ್ಟೇ ತಿರುಗಿಸಿ. ಸ್ಪಿಂಡಲ್ ಕೈಯಿಂದ ಸರಾಗ ಸರಿಯುತ್ತಿರಬೇಕು.

ಒಂದೇ ಸಿಗ್ನಲ್ ಎರಡನ್ನು ನಡೆಸುವ ಸ್ಪ್ಲಿಟ್ ರೇಂಜ್ ಇರುವಲ್ಲಿ ಸಿಗ್ನಲಿನ ಮೊದಲರ್ಧಕ್ಕೆ ಥರ್ಮೋಕಂಪ್ರೆಸರ್, ಎರಡನೆಯರ್ಧಕ್ಕೆ ಕೊರತೆ ತುಂಬುವ ಮೇಕಪ್ ಸ್ಟೀಮ್ ವಾಲ್ವ್ ತೆರೆಯುವಂತೆ ಇಟ್ಟಿರುತ್ತಾರೆ. ಎರಡೂ ಸ್ವಲ್ಪ ಸ್ವಲ್ಪ ತೆರೆದು ಒಂದನ್ನೊಂದು ನೂಕುತ್ತಿದ್ದರೆ ಕ್ಯಾಲಿಬ್ರೇಶನ್ ಒಂದರ ಮೇಲೊಂದು ಬಿದ್ದಿದೆ. 12 ಮಿಲಿಆಂಪಿಯರಿನಲ್ಲಿ ಮೇಕಪ್ ವಾಲ್ವ್ ಕಡ್ಡಾಯವಾಗಿ ಮುಚ್ಚಿರಬೇಕು.

ಸದ್ದು

ಚೋಕ್ ಆದ ಜೆಟ್ ಕಿರುಚುತ್ತದೆ, ಅದು ರೋಗವಲ್ಲ. ಕಿರುಚಾಟದ ನಡುವೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಕೇಳಿದರೆ ನೀರು ಬರುತ್ತಿದೆ. ಒಣ ಸ್ಟೀಮ್ ಕೊಟ್ಟರೂ ನಮ್ಮ ಉದಾಹರಣೆಯ ಜೆಟ್ ನಾಜಲ್ ಬಿಡುವ ಹೊತ್ತಿಗೆ ಲೆಕ್ಕದ ಪ್ರಕಾರ ಶೇ. 8ರಷ್ಟು ಹಸಿಯಾಗಿರುತ್ತದೆ. ಅದರ ಮೇಲೆ ಹೊರಗಿನ ನೀರೂ ಸೇರಿ ಸೆಕೆಂಡಿಗೆ ಆರುನೂರು ಮೀಟರಿಗೂ ಮಿಗಿಲಾದ ವೇಗದಲ್ಲಿ ಡಿಫ್ಯೂಸರಿಗೆ ಬಡಿದರೆ ಸ್ಟೇನ್‌ಲೆಸ್ ಸ್ಟೀಲೂ ಉಳಿಯದು. ಮೋಟಿವ್ ಲೈನಿನ ಸೆಪರೇಟರಿನ ಕೆಳಗಿರುವ, ನೀರನ್ನಷ್ಟೇ ಹೊರಬಿಡುವ ಟ್ರ್ಯಾಪ್ ಕೆಲಸ ಮಾಡುತ್ತಿದೆಯೇ ಮೊದಲು ನೋಡಿ. ಡಿ-ಸೂಪರ್‌ಹೀಟರ್ (ಅತಿ ಕಾದ ಸ್ಟೀಮಿಗೆ ನೀರು ಸಿಂಪಡಿಸಿ ತಣಿಸುವ ಸಾಧನ) ಇದ್ದರೆ ಹೊರಬರುವ ಸ್ಟೀಮ್ ಸ್ಯಾಚುರೇಶನ್ನಿಗಿಂತ 5ರಿಂದ 10 ಡಿಗ್ರಿ ಮೇಲಿರುವಂತೆ ಇಡಿ. 10 ಬಾರಿಗೆ ಸ್ಯಾಚುರೇಶನ್ 184 ಡಿಗ್ರಿ. ಥರ್ಮಾಮೀಟರ್ ಸರಿಯಾಗಿ 184 ತೋರಿಸಿ ಅಲುಗದೆ ನಿಂತರೆ ಖುಷಿಪಡಬೇಡಿ, ನೀರು ಹೆಚ್ಚು ಸಿಂಪಡಿಸುತ್ತಿರುವ ಲಕ್ಷಣ ಅದು.

ಸಕ್ಷನ್ ಬದಿಯ ನೀರು ಬರುವುದು ಸೆಪರೇಟರ್ ಲೆವೆಲ್ ಏರಿದಾಗ, ಅಂದರೆ ಕಂಡೆನ್ಸೇಟ್ ಪಂಪ್ ಎಳೆಯದಿದ್ದಾಗ. ಸಕ್ಷನ್ ಪೈಪಿನ ಜೋತುಬಿದ್ದ ಜಾಗದಲ್ಲಿ ಡ್ರಿಪ್ ಟ್ರ್ಯಾಪ್ ಇಲ್ಲದಿದ್ದರೂ ನೀರು ನಿಂತು ಆಗಾಗ ಗುಟುಕು ಗುಟುಕಾಗಿ ಹೋಗುತ್ತದೆ.

ಗಾಳಿ ಸೇರಿಕೊಂಡರೆ

ಇದನ್ನು ಬಹಳ ಕಡೆ ಮರೆಯುತ್ತಾರೆ. ಥರ್ಮೋಕಂಪ್ರೆಸರ್ ಅದೇ ಬ್ಲೋ-ಥ್ರೂವನ್ನು ಸುತ್ತು ಸುತ್ತು ಹಾಕಿಸುವುದರಿಂದ ಒಳಗೆ ಬಂದ ಗಾಳಿಗೆ ಹೊರಹೋಗುವ ದಾರಿಯೇ ಇಲ್ಲ. ಒತ್ತಡ, ಡಿಪಿ ಎಲ್ಲ ಸರಿಯಿದ್ದೂ ಕಾಗದ ಒಣಗದಿದ್ದರೆ ಸೆಪರೇಟರಿನ ಥರ್ಮಾಮೀಟರ್ ಪಾಕೆಟಿಗೆ ಎಣ್ಣೆ ತುಂಬಿ ಒಳ್ಳೆಯ ಥರ್ಮಾಮೀಟರ್ ಇಳಿಸಿ. 2.0 ಬಾರಿಗೆ 134 ಇರಬೇಕಾದಲ್ಲಿ 129 ಬಂದರೆ, ಪರಮ ಒತ್ತಡದಲ್ಲಿ ಸ್ಟೀಮಿನ ಪಾಲು 2.62 ಬಾರ್ ಮಾತ್ರ, ಉಳಿದ ಶೇ. 13 ಗಾಳಿ. ಸೆಪರೇಟರಿನ ತಲೆಯಿಂದ ಸಣ್ಣ ಆರಿಫಿಸ್ (ತೂತಿನ ಬಿಲ್ಲೆ) ಹಾಕಿ ಸದಾ ತುಸು ಬ್ಲೀಡ್ ಬಿಡುವುದೇ ಪರಿಹಾರ. ಆ ಬ್ಲೀಡ್ ಈಗಾಗಲೇ ಇದ್ದರೆ ಆರಿಫಿಸ್ ಕಟ್ಟಿಕೊಂಡಿದೆಯೇ ನೋಡಿ.

ಕೊನೆಗೆ ಬಿಚ್ಚುವುದಾದರೆ

ಮೋಟಿವ್, ಸಕ್ಷನ್, ಡಿಸ್‌ಚಾರ್ಜ್ ಮೂರನ್ನೂ ಮುಚ್ಚಿ ಬೀಗ ಹಾಕಿ, ಟ್ಯಾಗ್ ಕಟ್ಟಿ. ಡ್ರೈನ್, ವೆಂಟ್ ತೆರೆದಿಡಿ. ಗೇಜ್ ಸೊನ್ನೆ ಎಂದು ನಂಬಿ ಬೋಲ್ಟ್ ಬಿಚ್ಚುವುದು ಬೇಡ. ಮೈಯಿಂದ ದೂರದ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಫ್ಲ್ಯಾಂಜ್ ಬಾಯಿ ಬಿಟ್ಟಾಗ ಸ್ಟೀಮ್ ಆಚೆಗೆ ಹೋಗಲಿ.

ನಾಜಲ್ ಗಂಟಲನ್ನು ಬೋರ್ ಗೇಜಿನಿಂದ ಮೂರು ದಿಕ್ಕಿನಲ್ಲಿ ಅಳೆಯಿರಿ, ಡಿಫ್ಯೂಸರ್ ಗಂಟಲನ್ನೂ. ಗಂಟಲಿನ ವಿಸ್ತೀರ್ಣ ಮೂಲಕ್ಕಿಂತ ಶೇ. 7 ಹೆಚ್ಚಾದರೆ ಬದಲಿಸುವುದು ಜೆಟ್ ಯಂತ್ರಗಳಲ್ಲಿ ರೂಢಿ. 20 ಮಿಮೀ ಗಂಟಲಿಗೆ ಅದು 20.7 ಮಿಮೀ, ಕಣ್ಣಿಗೆ ಏನೂ ಕಾಣುವುದಿಲ್ಲ. ಅದು 22 ಮಿಮೀ ಆಗಿದ್ದರೆ ಪೂರ್ತಿ ತೆರೆದಾಗಿನ ಹರಿವು ಶೇ. 21 ಹೆಚ್ಚು. ನಾಜಲ್ ಸವೆದದ್ದನ್ನು ಸ್ಪಿಂಡಲ್ ಮುಂದೆ ಸರಿದು ಮುಚ್ಚಿಹಾಕುತ್ತದೆ, ಡಿಫ್ಯೂಸರ್ ಸವೆದದ್ದನ್ನು ಮುಚ್ಚಿಹಾಕುವವರು ಯಾರೂ ಇಲ್ಲ. ಆದ್ದರಿಂದ ಟಾರ್ಚ್ ಹಿಡಿದು ಡಿಫ್ಯೂಸರನ್ನೇ ಹೆಚ್ಚು ಹೊತ್ತು ನೋಡಿ. ಒಂದೇ ಬದಿ ತಿಂದಿದ್ದರೆ ಜೆಟ್ ಓರೆ, ಅಂದರೆ ಸ್ಪಿಂಡಲ್ ಬಾಗಿದೆ ಅಥವಾ ಗೈಡ್ ಬುಶ್ ಸವೆದಿದೆ. ಸುತ್ತಲೂ ಸಮನಾಗಿ ಒರಟಾಗಿದ್ದರೆ ಹಸಿ ಸ್ಟೀಮ್.

ಮತ್ತೆ ಜೋಡಿಸುವಾಗ ಹಳೆಯ ಗ್ಯಾಸ್ಕೆಟಿನ ದಪ್ಪದ್ದನ್ನೇ ಹಾಕಿ. 1.5 ಮಿಮೀ ಇದ್ದಲ್ಲಿ 3 ಮಿಮೀ ಹಾಕಿದರೆ ನಾಜಲ್ ತುದಿಗೂ ಡಿಫ್ಯೂಸರಿಗೂ ನಡುವಿನ ಅಂತರ 1.5 ಮಿಮೀ ಬದಲಾಗುತ್ತದೆ. "ಓವರ್‌ಹಾಲ್ ಆದ ಮೇಲೆ ಮೊದಲಿಗಿಂತ ಕೆಟ್ಟಿತು" ಎಂಬ ದೂರಿನ ಹಿಂದೆ ಇರುವುದು ಹಲವು ಸಲ ಇದೇ. ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್ ಎಂಬ ಸರ್ಕಾರಿ ನಿಯಮಗಳು) ವ್ಯಾಪ್ತಿಗೆ ಬರುವ ಪೈಪಿನಲ್ಲಿ ವೆಲ್ಡಿಂಗ್ ಬೇಕಾದರೆ ಅದಕ್ಕೆ ಅರ್ಹತೆ ಪಡೆದ ವೆಲ್ಡರ್ ಮಾತ್ರ ಕೈಹಾಕಲಿ.

ಚಾಲೂ ಮಾಡುವಾಗ ಡ್ರೈನುಗಳನ್ನು ತೆರೆದಿಟ್ಟು ಮೋಟಿವ್ ವಾಲ್ವನ್ನು ಕಾಲು ಸುತ್ತು ತೆರೆದು, ಡ್ರೈನಿನಲ್ಲಿ ನೀರು ಹೋಗಿ ಒಣ ಸ್ಟೀಮ್ ಬರುವವರೆಗೆ ಪೈಪು ಕಾಯಿಸಿ. ಆಮೇಲೆ ಡ್ರೈನ್ ಮುಚ್ಚಿ, ವಾಲ್ವ್ ಪೂರ್ತಿ. ಯಂತ್ರ ಕಾಗದದ ಮೇಲೆ ನೆಲೆಗೊಂಡ ಮೇಲೆ ಗ್ರೇಡ್, ವೇಗ, ನಾಲ್ಕು ಅಂಕಿ ಮತ್ತು ಸಕ್ಷನ್ ಮುಚ್ಚಿದಾಗ ಮುಳ್ಳು ಎಲ್ಲಿಗೆ ಇಳಿಯಿತು ಎಂಬುದನ್ನು ಲಾಗ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ.